ಮನೇಲೇ ಮೆಂತ್ಯ ಸೊಪ್ಪು ಬೆಳೀರಿ
ಎಲ್ರಿಗೂ ನಮಸ್ಕಾರ. 2020ರಲ್ಲಿ ಯುಗಾದಿ ದಿನ ಮಾರ್ಚ್ 25ಕ್ಕೆ ಕೊರೊನಾ ಲಾಕ್‌ಡೌನ್ ಶುರುವಾದಾಗ 21 ದಿನ ಅಂದಿದ್ರು, ಆಮೇಲೆ ಮೇ 3ರವರೆಗೂ ಅಂದ್ರು, ಬೇಜಾರಾಗಿದ್ದು ಸಹಜಾನೇ. ಆದ್ರೂ ನಮ್ಮನೇಲಿ ಒಂದು ಒಳ್ಳೇದಾಯ್ತು, ಮಕ್ಕಳು ಮಣ್ಣು ಮುಟ್ಟೋದು ಕಲಿತ್ರು.

ಅಡುಗೆಮನೆ ಡಬ್ಬೀಲಿರೋ ಮೆಂತ್ಯ ಕಾಳೇ ಸಾಕು, ಅಂಗಡಿಗೆ ಹೋಗೋದೇ ಬೇಡ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಹಳೇ ಟಬ್ಬೋ ಐಸ್‌ಕ್ರೀಮ್ ಡಬ್ಬಾನೋ ಏನಿದ್ಯೋ ಅದರ ತಳಕ್ಕೆ ತೂತು ಮಾಡಿ ಮಣ್ಣು ತುಂಬಿ ಕಾಳು ಒತ್ತಾಗಿ ಹರಡಿ ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ನೀರು ಮಾತ್ರ ಸುರೀಬೇಡಿ, ಕೈಯಲ್ಲಿ ಚಿಮುಕಿಸಿ, ಜಾಸ್ತಿ ಆದ್ರೆ ಬೇರು ಕೊಳೆಯುತ್ತೆ. ಬೆಳಗಿನ ಬಿಸಿಲು ಬೀಳೋ ಜಾಗ ಸಾಕು, ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಬಾಡಿಹೋಗುತ್ತೆ. ಎರಡು ಮೂರು ದಿನಕ್ಕೆ ಮೊಳಕೆ, 25-30 ದಿನಕ್ಕೆ ಸೊಪ್ಪು ರೆಡಿ. ಬೇರು ಸಮೇತ ಕೀಳ್ಬೇಡಿ, ಬುಡದಿಂದ ಸ್ವಲ್ಪ ಮೇಲೆ ಕತ್ತರಿಸಿದ್ರೆ ಮತ್ತೆ ಚಿಗುರುತ್ತೆ.

ನೀರು ಹಾಕೋ ಕೆಲ್ಸ ಮಕ್ಕಳಿಗೇ ಕೊಡಿ, ಎದ್ದ ತಕ್ಷಣ ಮೊಬೈಲ್ ಬಿಟ್ಟು ಅಲ್ಲಿಗೆ ಓಡ್ತಾರೆ. ಊರಲ್ಲಿರೋ ಅಜ್ಜಿಗೂ ವಿಡಿಯೋ ಕಾಲಲ್ಲಿ ತೋರಿಸಿ, ಅವರಿಗೆ ಎಷ್ಟು ಖುಷಿ ಆಗುತ್ತೆ ಅಂದ್ರೆ ದಿನಾ ಅವರೇ ಫೋನ್ ಮಾಡಿ ಕೇಳ್ತಾರೆ! ಕೊತ್ತಂಬರಿ ಹಾಕೋರು ಬೀಜಾನ ಲಟ್ಟಣಿಗೇಲಿ ಮೆತ್ತಗೆ ಉಜ್ಜಿ ಎರಡು ಹೋಳು ಮಾಡ್ಕೊಂಡು ಹಾಕಿ, ಅದು ಮೊಳಕೆ ಬರೋದು ಸ್ವಲ್ಪ ಲೇಟು.