ಕುದುರೆ ಮೇಲೆ ನಾಲ್ಕೈದು ದಿನ ಹೊರಡುವ ಮುಂಚೆ

ರಾಜಸ್ಥಾನದ ಶೇಖಾವಾಟಿ ಕಡೆ ಗೆಳೆಯರ ಜೊತೆ ಮಾರ್ವಾಡಿ ಕುದುರೆ ಸವಾರಿಗೆ ಹೊರಟವರಿಗೆ ಒಂದು ಮಾತು. ದಿನಕ್ಕೆ 25–30 ಕಿ.ಮೀ. ಸಾಕು, ಜಾಸ್ತಿ ಆಸೆ ಬೇಡ.

ಹತ್ತಿ ಹತ್ತು ನಿಮಿಷಕ್ಕೆ ಇಳಿದು ಜೀನಿನ ಹೊಟ್ಟೆಪಟ್ಟಿ ಮತ್ತೆ ನೋಡಿ. ಬಿಗಿಯುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತವೆ, ಆಮೇಲೆ ಪಟ್ಟಿ ಸಡಿಲ! ನನ್ನ ಜೀನು ಹೀಗೇ ಪಕ್ಕಕ್ಕೆ ಜಾರಿ, ಸಾಸಿವೆ ಹೊಲದಲ್ಲಿ ಬಿದ್ದಿದ್ದೆ. ಗೆಳೆಯ ಎತ್ತುವುದು ಬಿಟ್ಟು ನಗುತ್ತಾ ಕೂತಿದ್ದ.

ಸಂಜೆ ಜೀನು ಇಳಿಸಿದ ಕೂಡಲೇ ಬೆನ್ನಿನ ಮೇಲೆ ಕೈಯಾಡಿಸಿ. ಸುತ್ತ ಬೆವರಿದ್ದು ಒಂದು ಕಡೆ ಮಾತ್ರ ಒಣಗಿದ್ದರೆ, ಅಲ್ಲಿ ಜೀನು ಒತ್ತುತ್ತಿರಬಹುದು. ಸುಮ್ನೆ ಬಿಟ್ಟರೆ ಹುಣ್ಣಾಗುತ್ತದೆ. ಗೊರಸಿಗೆ ಸಿಕ್ಕ ಕಲ್ಲೂ ತೆಗೆಯಿರಿ. ನಿಮಗೆ, ದಪ್ಪ ಹೊಲಿಗೆಯ ಜೀನ್ಸ್ ಬೇಡವೇ ಬೇಡ. ಎರಡನೇ ದಿನಕ್ಕೇ ತೊಡೆ ಸುಲಿದುಹೋಗುತ್ತದೆ.