ನಿಮ್ಮೂರ ಕೆರೆಯ ಹಕ್ಕಿಗಳನ್ನು ಎಣಿಸಿ ಉಳಿಸಿಕೊಳ್ಳುವುದು ಹೇಗೆ?

ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು. ಎರಡೂ ನೀರಾವರಿಗಾಗಿ ಕಟ್ಟಿದ ಕೆರೆಗಳು. ಈ ಮಾನ್ಯತೆಯ ಮಾನದಂಡಗಳಲ್ಲಿ ಒಂದರ ಪ್ರಕಾರ, ಯಾವುದಾದರೂ ಒಂದು ನೀರಹಕ್ಕಿಯ ಒಟ್ಟು ಸಂಖ್ಯೆಯ ಶೇ 1ರಷ್ಟಾದರೂ ವರ್ಷ ವರ್ಷವೂ ಆ ಜಾಗವನ್ನು ಆಶ್ರಯಿಸಿರಬೇಕು. ಎಷ್ಟೇ ಚೆಂದದ ಫೋಟೊ ತೋರಿಸಿದರೂ ಇದು ಸಾಬೀತಾಗುವುದಿಲ್ಲ. ಅದಕ್ಕೆ ಎಣಿಸಿ ಬರೆದಿಟ್ಟ ಲೆಕ್ಕವೇ ಬೇಕು. ನಿಮ್ಮೂರ ಕೆರೆಗೆ ಅಂತಹ ಮನ್ನಣೆ ಬಾರದೇ ಇರಬಹುದು. ಆದರೆ ಹೂಳೆತ್ತುವ ಯಂತ್ರ ಕೆರೆಗೆ ಇಳಿಯುವ ಮೊದಲು ಅಲ್ಲಿ ಯಾವ ತಿಂಗಳಲ್ಲಿ ಯಾವ ಹಕ್ಕಿ ಎಷ್ಟಿತ್ತು ಎಂಬ ಬರಹ ಊರವರ ಕೈಯಲ್ಲಿದ್ದರೆ, ಕಾಮಗಾರಿಯ ರೂಪವನ್ನು ಬದಲಿಸುವಂತೆ ಕೇಳಲು ಆಧಾರವಿರುತ್ತದೆ. ಈ ಕೆಲಸವನ್ನು ತಜ್ಞರಿಗಾಗಿ ಕಾಯದೆ ಊರಿನ ನಾಲ್ಕೈದು ಮಂದಿ ಸೇರಿ ಮಾಡಬಹುದು.

ತಂಡ ಮತ್ತು ಸಮಯ

ನಡೆದು ತಲುಪಬಹುದಾದ ಒಂದೇ ಕೆರೆಯನ್ನು ಆರಿಸಿಕೊಳ್ಳಿ. ದೂರದ ಹೆಸರಾಂತ ಪಕ್ಷಿಧಾಮಕ್ಕೆ ಅಪರೂಪಕ್ಕೊಮ್ಮೆ ಹೋಗಿಬರುವುದಕ್ಕಿಂತ, ಹತ್ತಿರದ ಕೆರೆಗೆ ಪ್ರತಿ ತಿಂಗಳು ಹೋಗುವುದು ಸಂರಕ್ಷಣೆಗೆ ಹೆಚ್ಚು ಉಪಯುಕ್ತ. ತಂಡದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳ ಜೊತೆಗೆ ಮೀನು ಹಿಡಿಯುವವರು ಮತ್ತು ಕುರಿ ಕಾಯುವವರು ಇರಲೇಬೇಕು. ಯಾವ ಜೊಂಡಿನಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆ ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ತಂಡಕ್ಕೆ ಎಂಟು ಪಟ್ಟು ಹಿಗ್ಗಿಸುವ, 8x42 ಅಳತೆಯ ಒಂದು ಬೈನಾಕ್ಯುಲರ್ ಸಾಕು. ಹತ್ತು ಪಟ್ಟು ಹಿಗ್ಗಿಸುವ ಬೈನಾಕ್ಯುಲರಿನಲ್ಲಿ ಕೈಯ ನಡುಕವೂ ಹಿಗ್ಗುವುದರಿಂದ ಹೊಸಬರಿಗೆ ಅದು ತ್ರಾಸದಾಯಕ.

ಬೆಳಗ್ಗೆ ಸೂರ್ಯೋದಯದ ನಂತರದ ಎರಡು ಮೂರು ಗಂಟೆ ಸೂಕ್ತ. ಆದಷ್ಟು ಕೆರೆಯ ಪೂರ್ವ ದಿಕ್ಕಿನಲ್ಲಿ, ಬಿಸಿಲು ಬೆನ್ನಿಗೆ ಬೀಳುವಂತೆ ನಿಲ್ಲಿ. ಎದುರು ಬಿಸಿಲಿಗೆ ನಿಂತರೆ ಎಲ್ಲ ಬಾತುಗಳೂ ಕಪ್ಪಾಗಿಯೇ ಕಾಣುತ್ತವೆ. ಪ್ರತಿ ಸಲವೂ ಅದೇ ಜಾಗಗಳಲ್ಲಿ ನಿಂತು ಎಣಿಸಬೇಕು.

ಎಣಿಸುವ ಬಗೆ

ಮೊದಲು ಇಡೀ ಕೆರೆಯನ್ನು ಎಡದಿಂದ ಬಲಕ್ಕೆ ಒಮ್ಮೆ ಬರಿಗಣ್ಣಿನಲ್ಲಿ ನೋಡಿ, ದೊಡ್ಡ ಗುಂಪುಗಳು ಎಲ್ಲೆಲ್ಲಿವೆ ಎಂದು ಗುರುತಿಸಿಕೊಳ್ಳಿ. ಸಣ್ಣ ಗುಂಪನ್ನು ಒಂದೊಂದಾಗಿ ಎಣಿಸಬಹುದು. ನೂರಾರು ಸೂಜಿಬಾಲದ ಬಾತುಗಳು ಒತ್ತೊತ್ತಾಗಿ ಕುಳಿತಿದ್ದರೆ, ಮೊದಲ ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿನಲ್ಲೇ ಅಳೆದುಕೊಂಡು, ಅದೇ ಅಳತೆಯನ್ನು ಗುಂಪಿನ ಉದ್ದಕ್ಕೂ ಹೊಂದಿಸುತ್ತಾ ಹೋಗಬೇಕು. ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ವ್ಯತ್ಯಾಸ ದೊಡ್ಡದಿದ್ದರೆ ಮತ್ತೊಮ್ಮೆ ಎಣಿಸುವುದು ಒಳ್ಳೆಯ ಅಭ್ಯಾಸ. ಗುಳುಮುಳುಕ ಪದೇ ಪದೇ ನೀರಿನಲ್ಲಿ ಮುಳುಗುವುದರಿಂದ ಒಂದೇ ನೋಟದ ಲೆಕ್ಕ ಸದಾ ಕಡಿಮೆಯಾಗುತ್ತದೆ. ಅದಕ್ಕೆ ಕೆಲವು ನಿಮಿಷ ಕಾಯಲೇಬೇಕು.

ಗುರುತಿಸುವಾಗ ಬಣ್ಣಕ್ಕಿಂತ ನಡವಳಿಕೆಯನ್ನು ಗಮನಿಸಿ. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ ಅತ್ತಿತ್ತ ಆಡಿಸುತ್ತಾ ಹೆಜ್ಜೆ ಹಾಕುತ್ತದೆ. ಮೀನು ಕೊಕ್ಕಿಗೆ ತಗುಲಿದ ಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ಬಾಯ್ಕಳಕ ಕೊಕ್ಕರೆಯಾದರೋ ಕೆಸರಿನಲ್ಲಿ ಬಸವನಹುಳುವನ್ನು ಹುಡುಕಿ, ಚಿಪ್ಪಿನಿಂದ ಮಾಂಸವನ್ನು ಬಿಡಿಸಿ ತಿನ್ನುತ್ತದೆ. ಅದರ ಕೊಕ್ಕಿನ ಎರಡು ದವಡೆಗಳ ನಡುವಿನ ಸಂದು ದೂರದಿಂದಲೂ ಕಾಣುತ್ತದೆ. ಕಪ್ಪು ಮೈ, ಹಣೆಯಲ್ಲಿ ಬಿಳಿ ನಾಮ ಇದ್ದರೆ ನಾಮಕೋಳಿ. ಜಾತಿ ತಿಳಿಯದಿದ್ದರೆ ಊಹಿಸಿ ಬರೆಯದೆ, ‘ಗೊರವ, ಜಾತಿ ಗೊತ್ತಾಗಲಿಲ್ಲ’ ಎಂದೇ ಬರೆಯಿರಿ. ಕಾಗೆ, ಗೊರವಂಕ, ಬೆಳ್ಳಕ್ಕಿಗಳನ್ನೂ ಬಿಡದೆ ಸೇರಿಸಿ. ಜೊತೆಗೆ ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು, ನಡೆದ ದೂರ, ಜನರ ಸಂಖ್ಯೆ ಇರಲಿ. ತೂಬಿನ ಎಷ್ಟನೆಯ ಕಲ್ಲಿನವರೆಗೆ ನೀರಿದೆ ಎಂಬುದನ್ನೂ ತಪ್ಪದೆ ಬರೆಯಬೇಕೆಂಬುದು ನನ್ನ ಒತ್ತಾಯ. ಹಕ್ಕಿ ಕಡಿಮೆಯಾದದ್ದು ಮಳೆ ಬಾರದ್ದರಿಂದಲೋ ಬೇರೆ ಕಾರಣದಿಂದಲೋ ಎಂದು ಮುಂದೆ ಕೇಳುವವರಿಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಲೆಕ್ಕವನ್ನು ಸೇರಿಸುವುದು ಎಲ್ಲಿ?

ನೋಟ್‌ಬುಕ್ಕಿನ ಪಟ್ಟಿಯನ್ನು ಅದೇ ದಿನ, ಹಕ್ಕಿಗಳ ದಾಖಲೆ ಕೂಡಿಡುವ ‘ಇಬರ್ಡ್’ ಆ್ಯಪ್‌ಗೆ ಸೇರಿಸಿ. ಕಂಡ ಮತ್ತು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಒಳಗೊಂಡ ಪೂರ್ಣ ಪಟ್ಟಿಗೆ ಬೆಲೆ ಹೆಚ್ಚು, ಏಕೆಂದರೆ ನೂರು ಪಟ್ಟಿಗಳಲ್ಲಿ ಒಂದು ಹಕ್ಕಿ ಎಷ್ಟರಲ್ಲಿ ಕಾಣಿಸಿಕೊಂಡಿದೆ ಎಂಬುದರ ಮೇಲೆಯೇ ಅದರ ಏರಿಳಿತವನ್ನು ಅಂದಾಜಿಸುತ್ತಾರೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯು 942 ಜಾತಿಗಳನ್ನು ಪರಿಶೀಲಿಸಿದ್ದು, ಸುಮಾರು 30,000 ಪಕ್ಷಿವೀಕ್ಷಕರು ಹೀಗೆ ಸೇರಿಸಿದ ದಾಖಲೆಗಳಿಂದ. ಜನವರಿಯಲ್ಲಿ ನಡೆಯುವ ಏಷ್ಯಾ ನೀರಹಕ್ಕಿ ಗಣತಿಗೂ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೂ ಊರಿನ ಶಾಲೆಯನ್ನು ಜೊತೆಗೂಡಿಸಬಹುದು.

ಗೂಡಿನಿಂದ ದೂರ

ಟಿಟ್ಟಿಭ ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಅದು ಅರಚುತ್ತಾ ತಲೆಯ ಮೇಲೆ ಹಾರಾಡುತ್ತಿದ್ದರೆ ನೀವು ಗೂಡಿನ ಹತ್ತಿರವಿದ್ದೀರಿ ಎಂದರ್ಥ. ಅದು ಎದ್ದುಹೋದಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಕಾಯುತ್ತದೆ, ಕಾಗೆಯ ಕಣ್ಣಿಗೂ ಬೀಳುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಿ. ಕೊಕ್ಕರೆಗಳ ಗೂಡುಮರಗಳ ಮೇಲೆ ಡ್ರೋನ್ ಹಾರಿಸುವುದು, ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವುದು, ಗೂಡಿನ ಜಾಗವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಯಾವುದೂ ಬೇಡ.

ಲೆಕ್ಕ ಗ್ರಾಮಸಭೆಗೆ ಬರಬೇಕು

ಒಂದು ಪೂರ್ತಿ ವರ್ಷದ ಪಟ್ಟಿ ಕೈಗೆ ಬಂದ ಮೇಲೆ ಅದನ್ನು ಪಂಚಾಯಿತಿಗೆ ಒಯ್ಯಿರಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಿಮ್ಮ ಪಟ್ಟಿ ಆ ದಾಖಲಾತಿಗೆ ಸೇರಲಿ ಎಂದು ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೂಳೆತ್ತುವ ಯೋಜನೆ ಬಂದಾಗ ಈ ಲೆಕ್ಕ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೆರೆಯನ್ನು ಸುತ್ತಲೂ ಕಡಿದಾಗಿ ಅಗೆದು ಬಟ್ಟಲಿನಂತೆ ಮಾಡಿ, ದಂಡೆಗೆ ಕಲ್ಲು ಹಾಸಿದರೆ ನೀರೇನೋ ನಿಲ್ಲುತ್ತದೆ, ಹೆಚ್ಚಿನ ಹಕ್ಕಿಗಳು ನಿಲ್ಲುವುದಿಲ್ಲ. ಗೊರವಗಳಿಗೆ ಬೇಕಾದುದು ಒಂದೆರಡು ಅಂಗುಲ ನೀರಿರುವ ಕೆಸರು. ಮೆಟ್ಟುಗಾಲು ಹಕ್ಕಿಗೆ ತನ್ನ ಕಾಲು ಮುಳುಗುವಷ್ಟು ನೀರು. ಆಳದ ನೀರು ನೀರುಕಾಗೆಯಂತಹ ಮುಳುಗುವ ಹಕ್ಕಿಗಳಿಗೆ. ಆದ್ದರಿಂದ ಹೂಳನ್ನು ಏರಿಯ ಕಡೆ ಆಳವಾಗಿ ತೆಗೆದು, ನೀರು ಹರಿದುಬರುವ ಅಂಗಳದ ಕಡೆ ಇಳಿಜಾರನ್ನು ಹಾಗೆಯೇ ಬಿಡುವಂತೆ ಕೇಳಿ. ದೇವನಕ್ಕಿ ತೇಲುವ ಎಲೆಗಳ ಮೇಲೆಯೇ ಮೊಟ್ಟೆಯಿಡುವುದರಿಂದ ತಾವರೆ, ಜೊಂಡುಗಳನ್ನು ಒಂದೇ ಸಲಕ್ಕೆ ಪೂರ್ತಿ ಕಿತ್ತುಹಾಕದೆ ಒಂದು ಭಾಗವನ್ನು ಉಳಿಸಬೇಕು. ಕೆರೆಯಂಗಳದ ಜಾಲಿ ಮರಗಳನ್ನು ನಿರುಪಯುಕ್ತವೆಂದು ಕಡಿಯುವುದು ವಾಡಿಕೆ. ಅಂಕಸಮುದ್ರದಲ್ಲಿ ಹಕ್ಕಿಗಳು ಸಾಲುಸಾಲಾಗಿ ಗೂಡು ಕಟ್ಟುವುದು ಅಂತಹ ಕರಿಜಾಲಿ ಮರಗಳ ಮೇಲೆಯೇ.

ಊರವರ ಬದುಕಿಗೆ ಹೊರೆಯಾದರೆ ಯಾವ ಸಂರಕ್ಷಣೆಯೂ ಬಾಳುವುದಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೈತಪ್ಪುವ ಹುಣಸೆ ಫಸಲಿಗಾಗಿ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ನೀಡುತ್ತದೆ; ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ನಿಮ್ಮಲ್ಲಿ ಮೀನಿನ ಗುತ್ತಿಗೆದಾರರು ಇದ್ದರೆ ಅವರನ್ನು ಎದುರುಹಾಕಿಕೊಳ್ಳದೆ, ಹರಿದ ಬಲೆಗಳನ್ನು ನೀರಿನಲ್ಲೇ ಬಿಡದಂತೆ ಮತ್ತು ಗೂಡುಮರಗಳ ಸುತ್ತ ಮರಿಗಳಿರುವ ತಿಂಗಳುಗಳಲ್ಲಿ ಬಲೆ ಬೀಸದಂತೆ ಮಾತನಾಡಿ ಒಪ್ಪಿಸಿ.

ಕಾಮಗಾರಿ ಮುಗಿದ ಮೇಲೂ ಅದೇ ಜಾಗಗಳಲ್ಲಿ ನಿಂತು ಪ್ರತಿ ತಿಂಗಳು ಎಣಿಕೆ ಮುಂದುವರಿಸಿ. ಇಳಿಜಾರು ಬಿಟ್ಟ ಕಡೆಗೆ ಚಳಿಗಾಲದಲ್ಲಿ ಗೊರವಗಳು ಮರಳಿದವೇ, ಉಳಿಸಿದ ಜೊಂಡಿನಲ್ಲಿ ಮಳೆಗಾಲಕ್ಕೆ ಜಂಬುಕೋಳಿ ಮರಿ ಮಾಡಿತೇ ಎಂಬುದನ್ನು ಹಿಂದಿನ ವರ್ಷದ ಪಟ್ಟಿಯ ಪಕ್ಕದಲ್ಲಿಟ್ಟು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಿ, ಅದರ ಒಂದು ಪ್ರತಿಯನ್ನು ನಡಾವಳಿಗೆ ಸೇರಿಸಿ.