ಹತ್ತಿ ಆರುವ ಗ್ಯಾಸ್ ಗೀಸರ್: ನಾನು ನೋಡುವ ಕ್ರಮ

ಕಾರವಾರ, ಅಂಕೋಲಾ ಕಡೆ ಮಳೆಗಾಲ ಹಿಡಿದರೆ ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಒಂದೇ ಥರದವು. ‘ಗೀಸರ್ ಹತ್ತುತ್ತದೆ, ಕೂಡಲೇ ಆರಿಹೋಗುತ್ತದೆ.’ ಹತ್ತುವುದೇ ಇಲ್ಲ ಅಂದರೆ ಅದು ಬೇರೆ ಕತೆ. ಸೆಲ್ ಮುಗಿದಿರಬಹುದು, ಇಲ್ಲವೇ ಟ್ಯಾಂಕ್ ತಗ್ಗಿನಲ್ಲಿದ್ದು ಒಳಗಿನ ಡಯಾಫ್ರಮ್ ಎಂಬ ರಬ್ಬರ್ ಪೊರೆ, ಗೀಸರ್ ಚಾಲೂ ಮಾಡುವ ಮೈಕ್ರೋಸ್ವಿಚ್ ಒತ್ತುವಷ್ಟು ನೀರಿನ ಒತ್ತಡ ಇಲ್ಲದಿರಬಹುದು. ಹತ್ತಿ ಆರಿದರೆ ಮಾತ್ರ ನನ್ನ ಕಣ್ಣು ಮೊದಲು ಹೋಗುವುದು ಬರ್ನರ್ ಪಕ್ಕದ ಕಡ್ಡಿಗೆ.

ಕವರ್ ಬಿಚ್ಚಿದರೆ ಸಾಮಾನ್ಯವಾಗಿ ಬಿಳಿ ಪಿಂಗಾಣಿಯಲ್ಲಿ ಕೂತ ಕಡ್ಡಿಗಳು ಕಾಣುತ್ತವೆ. ಒಂದು ಕಿಡಿ ಹಾರಿಸುತ್ತದೆ, ಇನ್ನೊಂದು ಸುಮ್ನೆ ಜ್ವಾಲೆಯೊಳಗೆ ನಿಂತಿರುತ್ತದೆ. ಅದೇ ಸೆನ್ಸರ್. ಅದು ಬಿಸಿ ಅಳೆಯುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ, ಹಾಗಲ್ಲ. ಉರಿಯುವ ಗ್ಯಾಸಿನಲ್ಲಿ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು ಇರುತ್ತವೆ, ಹಾಗಾಗಿ ಜ್ವಾಲೆಯ ಮೂಲಕವೇ ಒಂಚೂರು ಕರೆಂಟ್ ಹರಿಯುತ್ತದೆ, ಮೈಕ್ರೋಆಂಪಿಯರ್ ಲೆಕ್ಕದ್ದು. ಅದು ಕಂಟ್ರೋಲ್ ಬಾಕ್ಸ್‌ಗೆ ಸಿಕ್ಕರೆ ಗ್ಯಾಸ್ ಬಿಡುವ ಸೊಲೆನಾಯ್ಡ್ ವಾಲ್ವ್ ತೆರೆದೇ ಇರುತ್ತದೆ, ಸಿಗದಿದ್ದರೆ ಗ್ಯಾಸ್ ಬಂದ್. ನಮ್ಮಲ್ಲಿ ಉಪ್ಪುಗಾಳಿ, ಮೇಲೆ ಥಂಡಿ. ಕಡ್ಡಿಗೆ ಪದರ ಕಟ್ಟಿ ಕರೆಂಟ್ ದಾಟುವುದಿಲ್ಲ. ಬೆಂಕಿ ಕಣ್ಣೆದುರೇ ಇದ್ದರೂ ಬಾಕ್ಸ್‌ಗೆ ಕಾಣುವುದಿಲ್ಲ.

ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಸೆಲ್ ತೆಗೆದು, ಗೀಸರ್ ತಣ್ಣಗಾದ ಮೇಲೆ ನುಣುಪಾದ ಸ್ಯಾಂಡ್ ಪೇಪರ್‌ನಿಂದ ಕಡ್ಡಿಯನ್ನು ಹಗುರಕ್ಕೆ ಉಜ್ಜುತ್ತೇನೆ. ಬಗ್ಗಿಸಬಾರದು. ಪಿಂಗಾಣಿ ಬಿರಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಕಡ್ಡಿಯನ್ನೇ ಬದಲಿಸಬೇಕು. ಅರ್ಥ್ ವೈರಿನ ಸ್ಕ್ರೂ ತುಕ್ಕು ಹಿಡಿದಿದ್ದರೆ ಅದನ್ನೂ ಉಜ್ಜಬೇಕು, ಕರೆಂಟ್ ವಾಪಸ್ ಬರುವ ದಾರಿ ಅದು. ಆಮೇಲೆ ಪರೀಕ್ಷೆ: ಸೆಲ್ ಹಾಕಿ ಗೀಸರ್ ಹತ್ತಿಸಿ, ನೀರು ಹರಿಯುತ್ತಿರುವಾಗಲೇ ರೆಗ್ಯುಲೇಟರ್ ಬಂದ್ ಮಾಡುತ್ತೇನೆ. ಜ್ವಾಲೆ ಆರಿ ಸ್ವಲ್ಪ ಹೊತ್ತಿಗೆ ವಾಲ್ವ್ ಮುಚ್ಚಿಕೊಂಡು ‘ಟಕ್’ ಅನ್ನಬೇಕು. ಅನ್ನದಿದ್ದರೆ ಆ ಗೀಸರ್ ಬಳಸಲು ನಾನು ಬಿಡುವುದಿಲ್ಲ.

ಕಾರವಾರದ ಕೋಡಿಬಾಗದ ಒಂದು ಮನೆಯಲ್ಲಿ ನಿವೃತ್ತ ಅಕ್ಕೋರು (ಶಾಲೆ ಟೀಚರ್), ‘ಆ ಸೆನ್ಸರೇ ಕಿತ್ತುಬಿಡು ತಮ್ಮಾ, ಸಾಕಾಯ್ತು ಇದರ ತ್ರಾಸು’ ಅಂದರು. ಅವರದ್ದು ತಪ್ಪಲ್ಲ, ಮೊದಲು ಬಂದ ರಿಪೇರಿಯವನು ಅದೇ ಕೆಲಸ ಅರ್ಧ ಮಾಡಿ ಹೋಗಿದ್ದ. ತಾಮ್ರದ ಪೈಪಿನ ಮೇಲೆ ಗುಂಡಗೆ ಬಟನ್ನಿನಂತೆ ಕೂತ ಥರ್ಮೋಸ್ಟ್ಯಾಟ್ ಇರುತ್ತದಲ್ಲ, ನೀರು ಅತಿಯಾಗಿ ಕಾದರೆ ಗ್ಯಾಸ್ ನಿಲ್ಲಿಸುವುದು, ಅದರ ಎರಡೂ ವೈರ್ ಸೇರಿಸಿ ಟೇಪ್ ಸುತ್ತಿದ್ದ. ಅದು ಪದೇ ಪದೇ ಕಟ್ ಆಗಲು ಕಾರಣ ನೀರು ಬರುವ ಕಡೆಯ ಜಾಲರಿಯಲ್ಲಿದ್ದ ಕೆಸರು; ನೀರು ಕಡಿಮೆ ಹರಿದು ಅತಿಯಾಗಿ ಕಾಯುತ್ತಿತ್ತು. ಜಾಲರಿ ತೊಳೆದು ಹೊಸ ಥರ್ಮೋಸ್ಟ್ಯಾಟ್ ಹಾಕಿದೆ.

ಆದರೆ ಆ ಬಚ್ಚಲಲ್ಲಿ ನನಗೆ ಹೆದರಿಕೆ ಆದದ್ದು ಬೇರೆಯದಕ್ಕೆ. ಇರಚಲು ಹೊಡೆಯುತ್ತದೆಂದು ವೆಂಟಿಲೇಟರ್‌ಗೆ ಪ್ಲಾಸ್ಟಿಕ್ ಬಡಿದಿದ್ದರು. ಜ್ವಾಲೆ ನೀಲಿ ಇರಬೇಕಾದದ್ದು ಹಳದಿ, ಮೇಲೆ ಮಸಿ. ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಜಾಸ್ತಿ ಹುಟ್ಟುತ್ತದೆ. ಸಿಲಿಂಡರ್ ಗ್ಯಾಸಿಗೆ ಗೊತ್ತಾಗಲೆಂದೇ ವಾಸನೆ ಬೆರೆಸಿರುತ್ತಾರೆ, ಈ ವಿಷಾನಿಲಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್‌ಗಳಲ್ಲೂ ಇದೇ ಜ್ವಾಲೆಯ ಕಡ್ಡಿ ಇದೆ. ಈಗಿನವುಗಳಲ್ಲಿ ಅದರ ಜೊತೆ ಹೊಗೆ ಹೋಗುವ ದಾರಿ ಸರಿಯಿದೆಯೇ ಎಂದು ನೋಡುವ ಪ್ರೆಶರ್ ಸ್ವಿಚ್, ಬೆಂಕಿ ಹೊರಗೆ ಚಾಚಿದರೆ ಆರಿಸುವ ಇನ್ನೊಂದು ಸ್ವಿಚ್ ಕೂಡ. ಆ ಗೀಸರ್‌ನಲ್ಲಿ ಹೊಗೆಯ ಕಡೆ ನೋಡುವ ಒಂದು ಸೆನ್ಸರೂ ಇರಲಿಲ್ಲ. ಕಡ್ಡಿಗೆ ಬೆಂಕಿ ಕಂಡರೆ ಆಯಿತು, ಒಳಗೆ ಮಿಂದವರ ಗತಿ ಅದಕ್ಕೆ ಗೊತ್ತಿಲ್ಲ.

ಅಕ್ಕೋರಿಗೆ ಹೇಳಿ ಗೀಸರನ್ನು ಹಿತ್ತಿಲ ಕಡೆ ಹೊರಗೋಡೆಗೆ ಹಾಕಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತಂದೆ. ಮೊದಲು ಬರುವ ನೀರು ತಣ್ಣಗಿರುತ್ತದೆ ಎಂದು ಗೊಣಗಿದರು, ಈಗ ಅದನ್ನು ಬೇರೆ ಬಾಲ್ದಿಯಲ್ಲಿ ಹಿಡಿದು ಬಟ್ಟೆಗೆ ಬಳಸುತ್ತಾರೆ. ಹೊರಗಿದ್ದರೆ ಮಳೆ ಬೀಳದಂತೆ ಮೇಲೆ ತಗಡು ಬೇಕು, ಗೀಸರ್ ಸುತ್ತ ಮಾತ್ರ ಏನೂ ಮುಚ್ಚಬೇಡಿ. ಉಪ್ಪುಗಾಳಿ ಅಲ್ಲಿ ಇನ್ನೂ ಜಾಸ್ತಿ, ಅದಕ್ಕೇ ಮಳೆ ಶುರುವಾಗುವ ಮೊದಲೇ ಕಡ್ಡಿ ಉಜ್ಜಿಸಿಕೊಳ್ಳಿ.